ನಿಲ್ಲುವವರು ಅವರು, ಓಟು ಎಲ್ಲರದು

ಮಗಳ ಓದಿಗೆಂದು ಮೈಸೂರಿನ ಅಗ್ರಹಾರದಲ್ಲಿ ಬಾಡಿಗೆ ಮನೆ ಮಾಡಿದ್ದೇವೆ. ಸ್ವಂತ ಮನೆ, ಹೊಲ, ಓಟು ಎಲ್ಲ ಕಾಡಂಚಿನ ನಮ್ಮೂರಿನಲ್ಲೇ. ಹೀಗೆಯೇ ಬಂದಿರುವ ನಮ್ಮೂರಿನವರ ಮನೆ ಈ ಬೀದಿಯಲ್ಲಿ ಇನ್ನೂ ನಾಲ್ಕಿವೆ.

ಈ ಸಲ ನಮ್ಮ ವಿಧಾನಸಭಾ ಕ್ಷೇತ್ರ ಗಿರಿಜನರಿಗೆ ಮೀಸಲಾಯಿತು. "ಹಾಗಂದ್ರೆ ಏನು ಪ್ರೇಮಲೀಲಾ?" ಎಂದು ಪಕ್ಕದ ಮನೆಯಲ್ಲಿರುವ ನಮ್ಮೂರಿನ ಬಸಮ್ಮನವರು ಕೇಳಿದರು. ನಾನು ಯೋಚಿಸಲೂ ಇಲ್ಲ. "ಅದು ಅವರ ಸೀಟು, ಅವರೇ ಹಾಕ್ಕೋತಾರೆ. ನಮಗೆ ಓಟಿಲ್ಲ ಕಣ್ರೀ" ಎಂದುಬಿಟ್ಟೆ. ಕಾಲೇಜು ಓದಿದವಳ ಮಾತು. ಬಸಮ್ಮನವರಿಂದ ಕೇಳಿ ನಾಲ್ಕು ಮನೆಯವರೂ ನಂಬಿದರು.

ಚುನಾವಣೆಗೆ ಮೂರು ದಿನವಿದ್ದಾಗ, ನಮ್ಮೂರ ಪಕ್ಕದ ಜೇನುಕುರುಬರ ಹಾಡಿಯಿಂದ ಬೊಮ್ಮಿ ಜೇನು ಮಾರಲು ಬಂದಳು. ಜೇನು ಅಳೆದು ಕೊಟ್ಟ ಮೇಲೂ ಜಗಲಿಯಿಂದ ಏಳಲಿಲ್ಲ.

"ಅವ್ವಾರೆ, ಬಸಮ್ಮೋರು ತಮಗೆ ಓಟೇ ಇಲ್ಲ ಅಂತಾರಲ್ಲ. ಯಾರು ಯೋಳಿದ್ದು ಅಂದ್ರೆ ನಿಮ್ಮನ್ನ ತೋರುಸ್ತಾರೆ."

"ನಿಮಗೇ ಬಿಟ್ಟಿದ್ದಲ್ವೇನೇ ಬೊಮ್ಮಿ?"

"ನಿಲ್ಲೋದು ನಮಗೆ ಬುಟ್ಟವ್ರೆ. ಓಟು ಎಲ್ಲಾರ್ದೂ. ತಾಲ್ಲೂಕು ಕಚೇರಿ ಶೇಕದಾರ್ರು ಹಾಡಿಗೇ ಬಂದು ಯೋಳುದ್ರು. ನಿಂತಿರೋ ಮೂರು ಜನಾನೂ ನಮ್ಮೋರೇ. ಅವ್ರಲ್ಲಿ ಯಾರಾಗ್ಬೇಕು ಅಂತ ನೀವೂ ಯೋಳ್ಬೇಕು."

ನನ್ನ ಯಜಮಾನರು ಗುರುಸಿದ್ದಯ್ಯನವರು ಒಳಗಿನಿಂದಲೇ ನಕ್ಕರು. "ಯಾರು ಗೆದ್ರೂ ನಿಮ್ಮೋನೇ ತಾನೆ? ನಾವು ಬಸ್ಸಲ್ಲಿ ಕುಲುಕಾಡ್ಕೊಂಡು ಬಂದು ಏನಾಗ್ಬೇಕು?"

"ಗೆಲ್ತಾನೆ ಬುದ್ಧಿ. ನೀವ್ಯಾರೂ ಹಾಕ್ದೆ ಗೆದ್ರೆ ನಾಳೆ ಊರೋರು ಏನಂತಾರೆ? ಅವ್ನು ಹಾಡಿಯೋರ ಎಮ್ಮೆಲ್ಲೆ, ನಮ್ಮೋನಲ್ಲ ಅಂತಾರೆ. ಆಮೇಲೆ ಕಚೇರೀಲಿ ಅವ್ನ ಮಾತು ಯಾರು ಕೇಳ್ತಾರೆ? ನಮ್ ಮಕ್ಕಳಿಗೆ ಸ್ಕೂಲು ಎಂಗೆ ಬತ್ತದೆ?"

ಯಜಮಾನರು ಜಗಲಿಗೆ ಬಂದು ನಿಂತರು. ಬೊಮ್ಮಿ ನನ್ನ ಕಡೆ ತಿರುಗಿದಳು.

"ಕಳೆದ್ಸಲ ನಿಮ್ಮೋರು ನಿಂತಿದ್ರಲ್ಲ ಅವ್ವಾರೆ. ಅದು ನಿಮ್ ಸೀಟು ಅಂತ ನಾವು ಮನೇಲಿ ಕೂತ್ಕಂಡ್ವಾ? ಮೂರು ಮೈಲಿ ನಡ್ದು ಬಂದು ಹಾಕ್ನಿಲ್ವಾ?"

ಅವಳ ಮಾತು ನಿಜ. ತಿಳಿಯದ್ದನ್ನು ತಿಳಿದವಳಂತೆ ಹೇಳಿದ್ದೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಓಟಿಲ್ಲ ಎಂದುಕೊಂಡಾಗ ನನಗೆ ಬೇಸರವೇ ಆಗಿರಲಿಲ್ಲ. ಹಾಡಿಯವರೊಬ್ಬರನ್ನು ನಮ್ಮ ಪ್ರತಿನಿಧಿಯೆಂದು ಆರಿಸುವ ಕೆಲಸ ತಪ್ಪಿತಲ್ಲ ಎಂದು ಮನಸ್ಸು ಹಗುರವಾಗಿತ್ತು.

ಅಂದು ಸಂಜೆಯೇ ನಾಲ್ಕು ಮನೆಗೂ ಹೋಗಿ "ನಾನು ಹೇಳಿದ್ದು ತಪ್ಪು" ಎಂದೆ. ಬಸಮ್ಮನವರು ಸುಲಭಕ್ಕೆ ಬಿಡಲಿಲ್ಲ. "ಓದಿದೋಳು ನೀನೇ ಹೀಗಂದ್ರೆ ಇನ್ಯಾರನ್ನ ಕೇಳೋಣಮ್ಮ?"

"ಬೊಮ್ಮೀನ ಕೇಳಿ" ಎಂದೆ.

ಮನೆಗೆ ಬಂದಾಗ ಯಜಮಾನರು ಬಾಗಿಲಲ್ಲೇ ನಿಂತಿದ್ದರು. "ಓಟಿನ ದಿನ ಮೊದಲನೇ ಬಸ್ಸಿಗೆ ಎಷ್ಟು ಜನ ಆದ್ವಿ?"

"ಹನ್ನೊಂದು."

"ನನ್ನನ್ನೂ ಸೇರಿಸ್ಕೊಂಡೆಯಾ? ಇಲ್ಲದಿದ್ರೆ ಹನ್ನೆರಡು ಅನ್ನು."

ಅಕ್ಕ ತಂಗಿಯರೇ, ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿಗಳಿಗೆ ಮಾತ್ರ ಮೀಸಲಾತಿ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾವ ಜಾತಿಯವರಾದರೂ ಓಟು ಹಾಕಬಹುದು, ಹಾಕಬೇಕು. ಗೆದ್ದವರು ಇಡೀ ಕ್ಷೇತ್ರದವರು, ನಿಮ್ಮವರು. ನನ್ನಂತೆ ನೀವೂ ಯಾರಿಗಾದರೂ ತಪ್ಪು ಹೇಳಿದ್ದರೆ ಇಂದೇ ಅವರ ಮನೆಗೆ ಹೋಗಿ. ನಾಚಿಕೆಯಾಗುತ್ತದೆ. ಆದರೂ ಹೋಗಿ ಹೇಳಿ.