ಭಾರವಿಲ್ಲದ ಹಗ್ಗ

ಬೆಳಿಗ್ಗೆಯಿಂದ ಹೆಂಡತಿ ಅವನಿಗೆ ನಾಲ್ಕೇ ನಾಲ್ಕು ಮಾತು ಬಾಯಿಪಾಠ ಮಾಡಿಸುತ್ತಿದ್ದಳು.

"ಮೂವತ್ತು ವರ್ಷ ಪರದೆ ಎಳೆದೆ. ಭುಜದ ನರ ಹರೀತು. ಈ ತಿಂಗಳೊಳಗೆ ಆಪರೇಷನ್ ಆಗದಿದ್ರೆ ಕೈ ಮೇಲಕ್ಕೇಳಲ್ಲ ಅಂದಿದಾರೆ. ಕೈ ಬಿಡಬೇಡಿ. ಇಷ್ಟೇ ರೀ."

"ನಾಟಕದ ಮಂದಿಯಲ್ಲಿ ಮಾತು ಬರದವನು ನಾನೊಬ್ನೇ ನೋಡು," ಅಂದ ಅವನು. "ಕೈ ಸರಿಹೋದ್ರೆ ಮತ್ತೆ ಹಗ್ಗ ಹಿಡೀತೀನಿ ಅಂತಾನೂ ಸೇರಿಸಲಾ?"

ಅವಳು ಟಾರ್ಚಿಗೆ ಸೆಲ್ಲು ತುಂಬುತ್ತಿದ್ದಳು. ಅವನು ಪರದೆ ಎಳೆಯುತ್ತಿದ್ದ ರಂಗಮಂದಿರದ ಬಾಗಿಲಲ್ಲೇ ಟಿಕೆಟ್ ಹರಿದು, ಕತ್ತಲಲ್ಲಿ ಜನರಿಗೆ ಕುರ್ಚಿ ತೋರಿಸುವುದು ಅವಳ ಕೆಲಸ. "ಅದೊಂದು ಬೇಡ," ಅಂದಳು, ತಲೆ ಎತ್ತದೆ.

ವರ್ಷಕ್ಕೊಮ್ಮೆ ನಟರೂ ಅವರ ಗೆಳೆಯರೂ ಬೈಕ್ ಹತ್ತಿ ಊರೂರು ಸುತ್ತಿ, ತೆರೆಯ ಹಿಂದೆ ದುಡಿಯುವವರಿಗೂ ಬಾಗಿಲು ಕಾಯುವವರಿಗೂ ಸಹಾಯಧನ ಕೂಡಿಸುತ್ತಿದ್ದರು. ಈ ಸಲ ಕೂಡಿದ್ದು ಒಬ್ಬರ ಚಿಕಿತ್ಸೆಗಷ್ಟೇ ಸಾಲುವಂತಿತ್ತು. ಕೇಳಿಕೊಂಡವರು ಇಬ್ಬರು: ಅವನು, ಮತ್ತು ವೇಷದ ಬಟ್ಟೆ ಹೊಲಿದು ಕಣ್ಣು ಮಂಜಾದ ದರ್ಜಿಯಜ್ಜ. ಇಬ್ಬರೂ ರಂಗದ ಮೇಲೆ ತಮ್ಮ ಕಷ್ಟ ಹೇಳಬೇಕು, ಸವಾರರು ಕೈ ಎತ್ತಿ ಆರಿಸಬೇಕು.

ಭುಜಕ್ಕೆ ಪೆಟ್ಟಾಗಿ ಎಂಟು ತಿಂಗಳ ಮೇಲೆ ಅವನು ರಂಗಮಂದಿರಕ್ಕೆ ಬಂದಿದ್ದ. ಕಾಲು ತಾನಾಗಿ ಹಿಂಬಾಗಿಲಿಗೆ ತಿರುಗಿತು. "ಇವತ್ತು ನೀವು ಅತಿಥಿ, ಮುಂದಿನಿಂದ ಬನ್ನಿ," ಎಂದು ಅವಳು ಎಡಗೈ ಹಿಡಿದು ಕರೆದುಕೊಂಡು ಹೋದಳು.

ಮಧ್ಯಾಹ್ನ ನಲವತ್ತು ಬೈಕುಗಳು ಬಂದವು. ಸಭಾಂಗಣದ ತುಂಬ ಪೆಟ್ರೋಲಿನ ವಾಸನೆ, ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡ ದೂಳುಮುಖಗಳು. ದರ್ಜಿಯಜ್ಜ ಎರಡು ಮಾತಿಗೇ ಅತ್ತುಬಿಟ್ಟ. ಆಮೇಲೆ ಸವಾರರ ಮುಖಂಡ ಕರೆದ: "ಬಾರಣ್ಣ, ಹೆದರಬೇಡ. ನಾವೇನು ಹುಲಿಗಳಲ್ಲ."

ಅವನು ದೀಪದ ಕೆಳಗೆ ನಿಂತ. "ಮೂವತ್ತು ವರ್ಷ..." ಅಂದ. ಅಭ್ಯಾಸಬಲದಿಂದ ಕಣ್ಣು ಬಲಗಡೆಯ ಮರೆಗೆ ಹೋಯಿತು. ಅಲ್ಲಿ ಪರದೆಯ ಹಗ್ಗ ಸಡಿಲವಾಗಿ ತೂಗಾಡುತ್ತಿತ್ತು. ಗೂಟದಲ್ಲಿ ಗಂಟಿಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ಮೇಲೆ ಮಣಗಟ್ಟಲೆ ಭಾರದ ಪರದೆ, ಅದರ ನೇರ ಕೆಳಗೆ ದರ್ಜಿಯಜ್ಜ, ಮುಖಂಡ.

ಮಾತು ಅಲ್ಲೇ ಬಿಟ್ಟು ಓಡಿದ. ಎರಡೂ ಕೈಯಿಂದ ಹಗ್ಗ ಹಿಡಿದು, ಸೊಂಟಕ್ಕೆ ಸುತ್ತು ಹಾಕಿ, ಹಿಂದಕ್ಕೆ ವಾಲಿದ. ಭುಜದಲ್ಲಿ ಹಸಿಬಟ್ಟೆ ಹರಿದ ಹಾಗಾಯಿತು. ಬಾವಿಯಲ್ಲಿ ಕೊಡ ಕಳಚಿದ ಮೇಲೆ ಹಗ್ಗ ಬರುತ್ತದಲ್ಲ, ಹಾಗೆ ಬಂತು ಅದು, ಹಗುರಾಗಿ. ಅವನು ಅಂಗಾತ ಬಿದ್ದ. ಮೇಲಿನಿಂದ ಉಳಿದ ಹಗ್ಗವೂ ಜಾರಿ ಬಂದು ಎದೆಯ ಮೇಲೆ ಗುಡ್ಡೆಯಾಯಿತು.

ಮೇಲೆ ಪರದೆ ಮಿಸುಕಲಿಲ್ಲ. ಗೋಡೆಯಲ್ಲಿ ಒಂದು ಹೊಸ ಡಬ್ಬಿ, ಅದರಲ್ಲಿ ಎರಡು ಗುಂಡಿ: ಹಸಿರು, ಕೆಂಪು.

"ಓಡೇಹೋದನಲ್ಲೋ ಪಾಪ!" ಎಂದು ಹೊರಗೆ ಯಾರೋ ನಕ್ಕರು. ಸ್ವಲ್ಪ ಕಾದರು. ಮತ್ತೆ ಕರೆದರು. ಅವನು ಹಗ್ಗದ ಗುಡ್ಡೆಯ ಕೆಳಗೇ ಬಿದ್ದುಕೊಂಡು ಆ ಗುಂಡಿಗಳನ್ನೇ ನೋಡುತ್ತಿದ್ದ. ಸವಾರರ ಕೈಗಳು ದರ್ಜಿಯಜ್ಜನಿಗೆ ಎದ್ದವು. ಚಪ್ಪಾಳೆಯಾಯಿತು. ಬೈಕುಗಳು ಒಂದೊಂದಾಗಿ ಗುಡುಗಿ ದೂರವಾದವು.

ಖಾಲಿ ಕುರ್ಚಿಗಳ ನಡುವೆ ಹೆಂಡತಿ, ಯಾರಾದರೂ ಏನಾದರೂ ಬಿಟ್ಟುಹೋದರೇ ಎಂದು ಟಾರ್ಚ್ ಹಿಡಿದು ನೋಡುತ್ತಿದ್ದಳು. ಅವನು ಬಂದು ಮೂರನೇ ಸಾಲಿನಲ್ಲಿ ಕೂತ. ಬಲಗೈ ತೊಡೆಯ ಮೇಲೆ ಯಾರದೋ ಸಾಮಾನಿನಂತೆ ಬಿದ್ದಿತ್ತು.

"ಯಾವಾಗ ಹಾಕಿದ್ರು ಮೋಟಾರು?"

"ನಿಮಗೆ ಪೆಟ್ಟಾದ ಮುಂದಿನ ತಿಂಗಳು."

"ದಿನಾ ನೋಡ್ತಿದ್ದೆ ನೀನು."

"ದಿನಾ ಹೇಳ್ಬೇಕು ಅಂತ್ಲೇ ಮನೆಗೆ ಬರ್ತಿದ್ದೆ. ಬಂದ ಕೂಡ್ಲೇ ನೀವು, ಇವತ್ತು ಪರದೆ ಯಾರು ಎಳೆದ್ರು, ಸರಿ ಎಳೆದ್ರಾ ಅಂತ ಕೇಳೋರು."

ಒಳಗೆ ಯಾರೋ ಗುಂಡಿ ಒತ್ತಿದರು. ಪರದೆ ಇಳಿಯತೊಡಗಿತು. ಮೂವತ್ತು ವರ್ಷದಲ್ಲಿ ಅವನು ಅದನ್ನು ಎದುರಿಗೆ ಕೂತು ನೋಡಿದ್ದು ಇದೇ ಮೊದಲು. ಎಲ್ಲೂ ಕುಲುಕದೆ, ಎಲ್ಲೂ ತಡೆಯದೆ ಬಂದು ಅಂಚು ನೆಲಕ್ಕೆ ತಾಗಿತು.

"ನನಗಿಂತ ಚೆನ್ನಾಗಿ ಇಳಿಸ್ತದೆ," ಅಂದ.

ದೀಪಗಳು ಆರಿದವು. ಅವಳು ಅವನ ಪಾದದ ಮುಂದೆ ಟಾರ್ಚ್ ಬಿಟ್ಟು, ಬೇರೆ ಪ್ರೇಕ್ಷಕರಿಗೆ ಹೇಳುವಂತೆಯೇ, "ಮೆಟ್ಟಿಲಿದೆ, ನೋಡ್ಕೊಂಡು," ಅಂದಳು.