ಹೊಗೆಗೊಂದು ದಾರಿ

"ಮೊಲದ ಹಿಕ್ಕೆ!" ಎಂದು ರೆಯಾಲ್ ಅಂಗೈಯಲ್ಲಿದ್ದ ಗುಳಿಗೆಗಳನ್ನು ಮೇಜಿನ ಮೇಲೆ ಸುರಿದ. "ಜೀವಮಾನವೆಲ್ಲ ಕಾಡಲ್ಲಿ ಮರ ಕಡಿದವನ ಮನೇಲಿ ಇನ್ಮೇಲೆ ಮೊಲದ ಹಿಕ್ಕೆ ಉರಿಸ್ಬೇಕಾ?"

"ಮರದ ಹೊಟ್ಟು ಅದು, ಒತ್ತಿ ಗುಳಿಗೆ ಮಾಡಿರೋದು," ಎಂದಳು ಅವನ ಹೆಂಡತಿ ಜಿನೆಟ್, ಕಾವಲಿಯ ಮೇಲಿನ ಪ್ಲೋಯ್ ದೋಸೆಯಿಂದ ಕಣ್ಣು ತೆಗೆಯದೆ. "ನೀನು ಕಡಿದ ಮರದ್ದೇ ಇದ್ರೂ ಇರಬಹುದು. ಹಾಗೆಲ್ಲ ಬಯ್ಬೇಡ, ನಿನ್ನ ನೆಂಟರೇ ಅವು."

ರೆಯಾಲ್ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು ಅವಳು ನಿಂತಳು. ದೋಸೆ ಸೀದುಹೋಯಿತು.

ವೈದ್ಯರು ವಸಂತದಲ್ಲೇ ಖಡಾಖಂಡಿತವಾಗಿ ಹೇಳಿದ್ದರು: ಈ ಎದೆಗೆ ಇನ್ನು ಸೌದೆ ಒಲೆಯ ಹೊಗೆ ಸಲ್ಲದು. ಚಳಿಗಾಲಕ್ಕೆ ಮುಂಚೆ ಮನೆ ಹೊಗೆಯಿಲ್ಲದ್ದಾಗಬೇಕು, ಇಲ್ಲವೇ ಬೇರೆಲ್ಲಾದರೂ ಇರಬೇಕು. ಬೇರೆಲ್ಲಾದರೂ ಅಂದರೆ ದೂರದ ಬ್ಯಾಂಗೋರ್ ಪಟ್ಟಣ, ಜಿನೆಟ್‌ಳ ತಂಗಿ ಲೂಸೀಲ್‌ಳ ಮನೆ. "ಹೊಗೆಗಿಂತ ಮುಂಚೆ ನಿನ್ನ ತಂಗಿ ನನ್ನ ಕೊಲ್ತಾಳೆ," ಎಂದಿದ್ದ ರೆಯಾಲ್. ಅದು ತಮಾಷೆಯಾಗಿರಲಿಲ್ಲ. ಹೊಳೆದಂಡೆಯ ಆಲೂಗಡ್ಡೆ ಹೊಲ ಬಿಟ್ಟು ಹೊರಗೆ ಚಳಿಗಾಲ ಕಳೆದವನೇ ಅಲ್ಲ ಅವನು. ಬ್ಯಾಂಗೋರ್‌ಗೆ ಹೋದರೆ ತಿರುಗಿ ಬರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಜಿನೆಟ್ ಗುಳಿಗೆ ಒಲೆ ತರಿಸಿದಳು, ಹೊಗೆಯನ್ನೆಲ್ಲ ಕೊಳವೆಯಲ್ಲೇ ಹೊರಗೆ ಬಿಡುವ ಮುಚ್ಚಿದ ಒಲೆ. ಸೌದೆ ಒಲೆಯ ಹಳೆಯ ಇಟ್ಟಿಗೆ ಚಿಮಣಿ ಬಿರುಕು ಬಿಟ್ಟು ಹೊಗೆ ಸೋರುತ್ತಿತ್ತು, ಇನ್ನು ಕೆಲಸಕ್ಕೆ ಬಾರದು. ಹೊಸ ಒಲೆಯ ಹೊಗೆ ಹೋಗಲು ಗೋಡೆ ಕೊರೆದು ಕೊಳವೆ ಹಾಕಬೇಕು. ರೆಯಾಲ್ ಅಲ್ಲೇ ಪಟ್ಟು ಹಿಡಿದ. ಆ ಗೋಡೆಗಳನ್ನು ಮದುವೆಯ ವರ್ಷ ತಾನೇ ಎಬ್ಬಿಸಿದವನು. "ನಾನಿರೋವರೆಗೆ ಇವಕ್ಕೆ ತೂತು ಬೀಳಲ್ಲ," ಎಂದ.

ಹಟಕ್ಕೆ ಹಟ ಎನ್ನುವವಳಲ್ಲ ನಮ್ಮ ಜಿನೆಟ್. ಹಳೆಯ ಹಾಸಿಗೆ ಹೊದಿಕೆಯೊಂದನ್ನು ಹರಿದು, ಮನೆಯ ನಾಲ್ಕೂ ಹೊರಗೋಡೆಗೆ ಮೊಳೆ ಹೊಡೆದು, ಚಿಂದಿಗಳನ್ನು ಕಟ್ಟಿದಳು. ಬೇಸಿಗೆಯುದ್ದಕ್ಕೂ ಅವು ಹಾರಾಡಿದವು. ಹೋಗುವವರು ಬರುವವರು, "ಏನ್ ಜಿನೆಟ್, ಮನೆಗೆ ಮದುವೆಯಾ?" ಎಂದು ಕಿಚಾಯಿಸಿದರು. ಅವಳು ಬೆಳಿಗ್ಗೆ ಕಾಫಿ ಲೋಟ ಹಿಡಿದು ಒಂದು ಸುತ್ತು, ಸಂಜೆ ಕೋಳಿ ಕೂಡಿ ಒಂದು ಸುತ್ತು ಬಂದು ಗಾಳಿ ನೋಡುತ್ತಿದ್ದಳು. ಪಡುವಣ, ಬಡಗಣ ಗೋಡೆಯವು ಚೂರುಚೂರಾದವು. ಅಲ್ಲಿ ಕೊಳವೆಯಿಟ್ಟರೆ ಗಾಳಿ ಹೊಗೆಯನ್ನು ಒಳಕ್ಕೇ ತುರುಕುತ್ತದೆ. ತೆಂಕಣದ್ದು ಮಲಗುವ ಕೋಣೆಯ ಕಿಟಕಿಗೆ ಬಡಿಯುತ್ತಲೇ ಇತ್ತು. ಮೂಡಣದಲ್ಲಿ, ಅಡುಗೆಮನೆಯ ಹಿಂದಿನದು ಮಾತ್ರ ಗಾಳಿ ಬಂದಾಗಲೆಲ್ಲ ಹೊಲದ ಕಡೆಗೆ ಚಾಚಿಕೊಳ್ಳುತ್ತಿತ್ತು. ಇಷ್ಟು ತಾಳ್ಮೆ ದೇವರು ಎಲ್ಲರಿಗೂ ಕೊಡುವುದಿಲ್ಲ ಬಿಡಿ.

ಸೆಪ್ಟೆಂಬರಿನಲ್ಲಿ ಕ್ಲೋವಿಸ್ ಬಂದ. ರೆಯಾಲ್‌ನ ಅಣ್ಣನ ಮಗ, ಒಲೆ ಕೂರಿಸುವುದೇ ಅವನ ಕಸುಬು. "ಒಲೆ ಹಿಂದೇನೇ ಕೊಳವೆ ನೆಟ್ಟಗೆ ಆಚೆ ಬಿಡೋಣ ಚಿಕ್ಕಮ್ಮ. ಸುಲಭ. ಒಲೇಲೇ ಫ್ಯಾನ್ ಇರುತ್ತೆ, ಅದೇ ಹೊಗೆ ತಳ್ಳುತ್ತೆ."

"ಕರೆಂಟ್ ಹೋದ್ರೆ?"

"ಫ್ಯಾನ್ ನಿಲ್ಲುತ್ತೆ."

"ಆಗ ಒಳಗಿರೋ ಹೊಗೆ?"

ಕ್ಲೋವಿಸ್ ಟೋಪಿ ಎತ್ತಿ ತಲೆ ಕೆರೆದುಕೊಂಡ. "ಸ್ವಲ್ಪ ಮನೆಯೊಳಗೆ ಬರಬಹುದು."

"ನಮ್ಮಲ್ಲಿ ಕರೆಂಟ್ ಹೋಗೋದು ಯಾವಾಗ? ಹಿಮಗಾಳಿ ಎದ್ದಾಗ. ಆಗ ಕಿಟಕಿ ತೆಗೆಯೋಕಾಗುತ್ತಾ? ನಿನ್ನ ಚಿಕ್ಕಪ್ಪ ಆ 'ಸ್ವಲ್ಪ'ದಲ್ಲೇ ಹೋಗ್ಬಿಡ್ತಾನೆ ಕಣೋ."

ಕೊಳವೆ ಮೇಲಕ್ಕೇರಿದರೆ ಫ್ಯಾನ್ ಇಲ್ಲದಿದ್ದರೂ ಬಿಸಿ ಹೊಗೆ ತಾನಾಗಿ ಮೇಲೆ ಹೋಗುತ್ತದೆ ಎಂದು ಕ್ಲೋವಿಸ್ ಒಪ್ಪಿಕೊಂಡ. ಜಿನೆಟ್ ಸೀಮೆಸುಣ್ಣ ಹಿಡಿದು ಮೂಡಣದ ಹೊರಗೋಡೆಯ ಮೇಲೇ ಬರೆದಳು: ಕೆಳಗೆ ಗೋಡೆ ದಾಟಿ ಬಂದ ಕೊಳವೆ, ಅಲ್ಲಿಂದ ಗೋಡೆಗುಂಟ ಏರಿ, ಎಂಥ ಹಿಮಕ್ಕೂ ಸಿಗದ ಎತ್ತರದಲ್ಲಿ ಬಾಯಿ. ಅಡುಗೆಮನೆಗೆ ಅಡ್ಡವಿಲ್ಲ, ಕಿಟಕಿಗೆ ಹತ್ತಿರವಿಲ್ಲ. "ಚಿಕ್ಕಮ್ಮ, ನೀವೇ ನನ್ನ ಅಂಗಡಿಗೆ ಬಂದ್ಬಿಡಿ, ನಾನು ಮನೇಲಿ ಮಲಗ್ತೀನಿ," ಎಂದ ಕ್ಲೋವಿಸ್.

ಅಷ್ಟರಲ್ಲಿ ರೆಯಾಲ್ ಕೋಲೂರಿಕೊಂಡು ಹಿತ್ತಲಿಗೆ ಬಂದ. ಸೀಮೆಸುಣ್ಣದ ಗೆರೆಯನ್ನು ಮೇಲಿಂದ ಕೆಳಗೆ ನೋಡಿದ.

"ನವೆಂಬರಲ್ಲಿ ಈ ಗೋಡೆ ಬುಡದಲ್ಲಿ ಏನಿರುತ್ತೆ ಜಿನೆಟ್?"

ಅವಳ ಕೈ ಬಾಯಿಗೆ ಹೋಯಿತು. ನವೆಂಬರಿನಲ್ಲಿ ಪ್ರತಿ ವರ್ಷ ರೆಯಾಲ್ ಸ್ಪ್ರೂಸ್ ಮರದ ಕೊಂಬೆಗಳನ್ನು ತಂದು ಮನೆಯ ಸುತ್ತ ಸೊಂಟದೆತ್ತರಕ್ಕೆ ಒಟ್ಟುತ್ತಿದ್ದ. ಹಾಗೆ ಮಾಡದಿದ್ದರೆ ನೆಲದಡಿ ಗಾಳಿ ನುಗ್ಗಿ ನೀರಿನ ಪೈಪು ಒಡೆಯುತ್ತದೆ. ಆ ಕೊಂಬೆಗಳು ಒಣಗುತ್ತ ಹೋದಂತೆ ಮೈಯೆಲ್ಲ ರಾಳ. ಕಿಡಿ ಸೋಕಿದರೆ ಭಗ್ಗೆನ್ನುತ್ತವೆ. ಬಿಸಿ ಕೊಳವೆ ಸರಿಯಾಗಿ ಅವುಗಳ ನಡುವೆ ಬಂದು ನಿಲ್ಲುತ್ತಿತ್ತು. ಕೊಂಬೆ ಒಟ್ಟುವುದು ಗಂಡಸರ ಕೆಲಸ. ಆ ವಾರ ನಮ್ಮ ಹೆಂಗಸರು ಒಳಗೆ ಹಂದಿ ಮಾಂಸ ಹದಮಾಡುತ್ತಿರುತ್ತಾರೆ. ಕ್ಲೋವಿಸ್‌ನದೋ ಸಿಮೆಂಟು ನೆಲಮಾಳಿಗೆಯ ಹೊಸ ಮನೆ, ಅವನಿಗೆ ಕೊಂಬೆಯ ಗೊಡವೆಯೇ ಇಲ್ಲ.

ಜಿನೆಟ್ ಮೆಟ್ಟಿಲ ಮೇಲೆ ಕುಸಿದು ಕೂತಳು. "ಅಯ್ಯೋ ದೇವರೇ. ನಿನ್ನ ಉಳಿಸೋಕೆ ಹೋಗಿ ಮನೆಗೇ ಬೆಂಕಿ ಇಡ್ತಿದ್ದೆ." ಕಣ್ಣಲ್ಲಿ ನೀರು ತುಂಬಿತು. "ಬಿಡು. ಬ್ಯಾಂಗೋರ್‌ಗೇ ಹೋಗೋಣ. ಇನ್ನೂ ಏನೇನು ಮರೆತಿದೀನೋ. ನಂಗೆ ಧೈರ್ಯ ಇಲ್ಲ."

ಅವಳ ಬಾಯಲ್ಲಿ ಅಂಥ ಮಾತು ರೆಯಾಲ್ ಕೇಳಿದ್ದೇ ಇಲ್ಲ. ಅವನಿಗೆ ಹೆದರಿಕೆಯಾಯಿತು.

"ಬೇಸಿಗೆ ಪೂರ್ತಿ ಆ ಚಿಂದಿಗಳ ಹಿಂದೆ ಅಲೆದ್ಯಲ್ಲ, ಯಾಕೆ? ಒಂದು ತೂತಿಗೆ ಅಷ್ಟೊಂದಾ?"

"ನಿನ್ನ ದಿಂಬಿನ ಹತ್ರ ಹೊಗೆ ಸುಳೀಬಾರ್ದು ಅಂತ. ಇನ್ಯಾಕೆ?" ಅವಳು ಏಪ್ರನ್ನಿನ ಅಂಚಲ್ಲಿ ಮೂಗೊರೆಸಿಕೊಂಡಳು. "ನೀನು ಉಸಿರಾಡ್ತಾ ಇರ್ಬೇಕು ಕಣೋ. ಅಷ್ಟೇ ನಂಗೆ ಬೇಕಾಗಿರೋದು."

ರೆಯಾಲ್ ಕೋಲೂರಿ ಬಗ್ಗಿದ. ಅವಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ನಿಧಾನವಾಗಿ ಅಡುಗೆಮನೆಗೆ ನಡೆದ. ಇಬ್ಬರೂ ಹಿಂದೆ ಹೋದರು. ಅವನು ಮೂಡಣ ಗೋಡೆಯನ್ನು ಗೆಣ್ಣಿನಿಂದ ತಟ್ಟುತ್ತ ಹೋಗಿ ಒಂದು ಕಡೆ ನಿಂತ.

"ಕೊಳವೆ ಮನೆಯೊಳಗೇ ಏರಲಿ. ಮುಖದ ಎತ್ತರಕ್ಕೆ ಬಂದು ಆಮೇಲೆ ಗೋಡೆ ದಾಟಲಿ. ಕೊಂಬೆ, ಹಿಮ, ಎಲ್ಲ ಕೆಳಗೇ ಉಳೀತವೆ. ಕಿಟಕಿಯಿಂದ ದೂರ ಸಾಕಾ ಕ್ಲೋವಿಸ್?"

ಕ್ಲೋವಿಸ್ ಅಳತೆ ಪಟ್ಟಿ ಎಳೆದು ನೋಡಿದ. "ಧಾರಾಳ ಚಿಕ್ಕಪ್ಪ."

"ಇಲ್ಲಿ ಗೋಡೆಯೊಳಗೆ ಮರದ ಕಂಬ ಇಲ್ಲ. ನಿಲ್ಲಿಸಿದವನು ನಾನೇ." ರೆಯಾಲ್ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದ. ಅದು ಸೊಟ್ಟಗಾಯಿತು, ಮತ್ತೆ ತಿದ್ದಿದ. "ಅಡುಗೆಮನೇಲಿ ಕಪ್ಪು ಕೊಳವೆ ನಿಂತಿರುತ್ತೆ ನೋಡು, ಆಮೇಲೆ ಗೊಣಗ್ಬೇಡ."

"ನಿಂತಿರ್ಲಿ," ಎಂದಳು ಜಿನೆಟ್. "ನೀನು ಇಷ್ಟು ವರ್ಷದಿಂದ ಅಡ್ಡ ನಿಂತಿಲ್ವಾ?"

ಕೊಂಬೆ ಒಟ್ಟುವುದು ಈ ವರ್ಷ ಅವಳ ಪಾಲು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತಪ್ಪು ಹೇಳುವುದು ಅವನ ಪಾಲು ಎಂದು ಅಲ್ಲೇ ತೀರ್ಮಾನವಾಯಿತು. ಗರಗಸ ಶುರುವಾಗುವ ಮುಂಚೆ, ಹೊಟ್ಟು ಹಾರುತ್ತದೆಂದು ಅವಳು ಅವನನ್ನು ಹೊರಗಟ್ಟಿದಳು. ಕೊರೆದಾದ ಮೇಲೆ ನೆಲವನ್ನೂ ಗೋಡೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಒಳಗೆ ಬಿಟ್ಟಳು.

ಗೋಡೆಯಲ್ಲಿ ಗುಂಡಗೆ ಬೆಳಕು ಬಿದ್ದಿತ್ತು. ರೆಯಾಲ್ ಗೋಡೆಗೆ ಎರಡೂ ಅಂಗೈ ಊರಿ ಮುಖವನ್ನು ತೂತಿನ ಎದುರಿಗಿಟ್ಟ. ಹೊಲದಿಂದ ಆಗಷ್ಟೇ ಅಗೆದ ಮಣ್ಣಿನ ವಾಸನೆ ತಣ್ಣಗೆ ಒಳಗೆ ಸುಳಿಯುತ್ತಿತ್ತು. ಅವನು ಉಸಿರೆಳೆದುಕೊಂಡ. ಬಿಟ್ಟ. ಮತ್ತೆ ಎಳೆದುಕೊಂಡ. ಕೆಮ್ಮು ಬರಲಿಲ್ಲ.

"ಚಿಕ್ಕಪ್ಪ, ಸ್ವಲ್ಪ ಜರುಗ್ತೀರಾ?" ಎಂದು ಕ್ಲೋವಿಸ್ ಕೊಳವೆ ಎತ್ತಿಕೊಂಡು ಬಂದ.

ಜಿನೆಟ್ ಬೇಡವೆಂದು ತಲೆಯಾಡಿಸಿದಳು. ಅವನು ಕೊಳವೆಯನ್ನು ಸದ್ದಾಗದಂತೆ ನೆಲಕ್ಕಿಟ್ಟು, ಟೋಪಿ ಕೈಯಲ್ಲಿ ಹಿಡಿದು, ಕಾಯುತ್ತ ನಿಂತ.