ರೊಸೀನಕ್ಕನ ಬಾನಿ

ಲಿಂಡೆನ್‌ಬಾಖ್ ಊರಿನ ಕ್ರೈಸ್ತ ಸೋದರಸಭೆಯಲ್ಲಿ ತಮ್ಮ ಬದುಕಿನ ಕತೆ ಬರೆದಿಡದೆ ಯಾರೂ ಸಾಯುವಂತಿರಲಿಲ್ಲ. ಮಣ್ಣು ಮಾಡುವ ದಿನ ಅದನ್ನು ಇಡೀ ಸಭೆಯ ಮುಂದೆ ಓದಬೇಕು. ಹೊರಗಿನ ಸ್ಯಾಕ್ಸನಿಯಲ್ಲಿ ಅರಸರಿಗೂ ಸಂತರಿಗೂ ಮಾತ್ರ ಇದ್ದ ಈ ಸವಲತ್ತನ್ನು ಇಲ್ಲಿ ನೇಯುವವನಿಗೂ ಹಸು ಕರೆಯುವವಳಿಗೂ ಕೊಟ್ಟಿದ್ದರು. ಕೊಟ್ಟದ್ದರ ಫಲ ಉಣ್ಣುತ್ತಿದ್ದವನು ಸಭೆಯ ಬರಹಗಾರ ಗಾಟ್ಲೋಬ್.

ಹದಿನೇಳು ವರ್ಷಗಳಲ್ಲಿ ಅವನು ಇನ್ನೂರು ಬದುಕುಗಳನ್ನು ತಿದ್ದಿದ್ದ. ಎಲ್ಲವೂ ಒಂದೇ ಅಚ್ಚಿನ ಬೆಲ್ಲ. ಹುಟ್ಟಿದೆ, ಪಾಪದಲ್ಲಿ ಹೊರಳಾಡಿದೆ, ಎದೆ ಕಲ್ಲಾಗಿತ್ತು, ಒಂದು ದಿನ ಶಿಲುಬೆಗೇರಿದ ಪ್ರಭುವಿನ ಗಾಯಗಳನ್ನು ನೆನೆದು ಬೆಚ್ಚಗಾಯಿತು, ಬಹಳ ಅತ್ತೆ, ಈಗ ಹೊರಡಲು ಸಿದ್ಧ. ಯಾವ ಪಾಪ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. ಒಬ್ಬಾಕೆಯಂತೂ ಪಕ್ಕದವಳನ್ನು ಕೇಳಿಕೊಂಡು ಬರುತ್ತೇನೆಂದು ಎದ್ದು ಹೋಗಿದ್ದಳು.

ಪ್ರಶ್ಯದ ಸೈನ್ಯ ಬಂದುಹೋದ ಮರುವರ್ಷ, ಸಭೆಯ ವಿಧವೆಯರು ಒಟ್ಟಿಗಿರುವ ಮನೆಯ ರೊಸೀನಕ್ಕ ಹಾಸಿಗೆ ಹಿಡಿದಳು. ನಲವತ್ತು ವರ್ಷ ಬಣ್ಣದ ಮನೆಯಲ್ಲಿ ಬಟ್ಟೆ ಅದ್ದಿದವಳು, ಅಕ್ಷರ ಬಾರದು. ವಾರ ಕಳೆದರೆ ಹೆಚ್ಚು ಎಂದಿದ್ದ ವೈದ್ಯ. ಗಾಟ್ಲೋಬ್ ಹಾಸಿಗೆಯ ಪಕ್ಕ ಲೇಖನಿ ಹಿಡಿದು ಕೂತ. ಗಂಡಸು ಒಳಗೆ ಬಂದನೆಂದು ಆ ಮನೆಯ ಮೇಲ್ವಿಚಾರಕಿ ಬಾಗಿಲಲ್ಲೇ ಕಾಲುಚೀಲ ಹೆಣೆಯುತ್ತ ಕಾವಲು ಕೂತಳು.

ಮೂರು ದಿನ ರೊಸೀನಕ್ಕ ಮಾತಾಡಿದಳು. ಯಾವ ಬಟ್ಟೆ ಬಣ್ಣ ಹಿಡಿಯುತ್ತದೆ, ಯಾವುದು ಬಿಡುತ್ತದೆ, ಅಡುಗೆಮನೆಯವರು ಎಲೆಕೋಸನ್ನು ಹೇಗೆ ಬೇಯಿಸಿ ಕೊಲ್ಲುತ್ತಾರೆ, ಎಲ್ಲ ಬಂತು. ಎದೆಯ ಸುದ್ದಿ ಮಾತ್ರ ಬರಲಿಲ್ಲ. ಬೇಸತ್ತ ಗಾಟ್ಲೋಬ್ ನಾಲ್ಕನೆಯ ದಿನ ಅವಳ ಕತೆಯನ್ನು ತಾನೇ ಬರೆದು ತಂದು ಓದಿದ. ಅವಳು ಕಣ್ಣು ಮುಚ್ಚಿ ಕೇಳಿದಳು.

“ಚೆನ್ನಾಗಿದೆ ಗಾಟ್ಲೋಬಣ್ಣ. ಯಾರು ಈಯಮ್ಮ?”

“ನೀವೇ ಅಕ್ಕಾ.”

“ನಾನಲ್ಲಪ್ಪ. ಇಷ್ಟೊಂದು ಅಳೋಕೆ ನಂಗೆಲ್ಲಿ ಪುರುಸೊತ್ತಿತ್ತು?”

ಆಮೇಲೆ ಅವಳು ತನ್ನ ಕತೆ ಹೇಳಿದಳು. ಸಭೆಯ ಹಿರಿಯರು ಪ್ರಾರ್ಥನೆ ಮಾಡಿ ಚೀಟಿ ಎತ್ತಿದಾಗ ಅವಳಿಗೆ ಗಂಡನಾಗಿ ಬಂದವನು ಮಥೇಸ್. ಹನ್ನೊಂದು ವರ್ಷ ಅವನನ್ನು ಕಂಡರೆ ಅವಳಿಗಾಗುತ್ತಿರಲಿಲ್ಲ. ಉಣ್ಣುವಾಗ ಮೂಗಿನಲ್ಲಿ ಸದ್ದು ಮಾಡುತ್ತಿದ್ದ. ಹನ್ನೆರಡನೆಯ ವರ್ಷ ಒಂದು ದಿನ ಅವನು ಬಣ್ಣದ ಮನೆಯ ನೀಲಿಯ ಬಾನಿಯೊಳಗೆ ಜಾರಿ ಸೊಂಟದವರೆಗೆ ಅದ್ದಿಹೋದ. ಹೊರಬಂದಾಗ, ಆ ಬಾನಿಯಿಂದೆದ್ದ ಬಟ್ಟೆಯಂತೆಯೇ, ಹಸಿರಾಗಿದ್ದ; ಅವಳು ನೋಡುತ್ತಿದ್ದಂತೆಯೇ ಗಾಳಿ ತಾಗಿ ನೀಲಿಯಾದ. ಅವಳಿಗೆ ನಗು ಬಂತು. ಅವನಿಗೂ ಬಂತು. ಅಂದಿನಿಂದ ಅವನು ಅವಳಿಗೆ ಬೇಕಾದವನಾದ. ಇದನ್ನು ಅವಳು ಯಾರಿಗೂ, ಮಥೇಸನಿಗೂ, ಹೇಳಿರಲಿಲ್ಲ. ಇಷ್ಟನ್ನು ಓದಿದರೆ ಸಾಕು, ಬೇರೇನೂ ಬೇಡ ಎಂದಳು.

ಗಾಟ್ಲೋಬನ ತಾಳ್ಮೆ ತಪ್ಪಿತು. ಚೀಟಿಯಲ್ಲಿ ಬಂದ ಗಂಡನೆಂದರೆ ಪ್ರಭುವೇ ಆರಿಸಿದ ಗಂಡ. ಅವನನ್ನು ಹನ್ನೊಂದು ವರ್ಷ ಸಹಿಸಲಾಗಲಿಲ್ಲ ಎಂದು ಹೆಣದ ಮುಂದೆ ಓದಿದರೆ ಹಿರಿಯರು ತನ್ನ ಲೇಖನಿಯನ್ನೇ ಕಿತ್ತುಕೊಳ್ಳುತ್ತಾರೆ.

“ಇದ್ರಲ್ಲಿ ಪ್ರಭು ಎಲ್ಲಿ ಬಂದ ಅಕ್ಕಾ?”

“ಹನ್ನೊಂದು ವರ್ಷ ನನ್ ಗೋಳು ಕೇಳಿ ಕೇಳಿ, ಕೊನೆಗೆ ಅವನ ಕಾಲು ಜಾರಿಸ್ದ. ಇನ್ನೇನು ಮಾಡ್ಬೇಕಿತ್ತು ಪಾಪ?”

ಬಾಗಿಲಲ್ಲಿ ಹೆಣಿಗೆಯ ಕಡ್ಡಿಗಳು ನಿಂತವು. ಗಾಟ್ಲೋಬ್ ಬೇಡಿಕೊಂಡ, ಗದರಿದ, ಗಂಡನನ್ನು ಬಿಟ್ಟು ಬಾನಿಯನ್ನಷ್ಟೇ ಇಡೋಣವೆಂದು ಚೌಕಾಸಿ ಮಾಡಿದ. ಅವನು ಬರೆದದ್ದಕ್ಕೆ ಅವಳು ಒಪ್ಪಿಗೆಯ ಗುರುತು ಹಾಕಲೊಲ್ಲಳು.

ಕೊಠಡಿಗೆ ಬಂದು, ಕತೆ ಎಂದರೆ ಹೇಗಿರಬೇಕೆಂದು ನಾಳೆ ಅವಳಿಗೆ ತೋರಿಸಲು, ಎಂದೋ ಬರೆದಿಟ್ಟಿದ್ದ ತನ್ನದೇ ಬದುಕನ್ನು ಪೆಟ್ಟಿಗೆಯಿಂದ ತೆಗೆದ. ರೊಸೀನಕ್ಕನಿಗೆಂದು ಬರೆದದ್ದನ್ನು ಪಕ್ಕದಲ್ಲಿಟ್ಟ. ಹುಟ್ಟಿದ ಊರು ಬಿಟ್ಟರೆ ಎರಡೂ ಅಕ್ಷರಕ್ಕಕ್ಷರ ಒಂದೇ. ಅತ್ತದ್ದು ಕೂಡ ಅದೇ ಸಾಲಿನಲ್ಲಿ.

“ಯಾರು ಈಯಪ್ಪ?” ಎಂದ, ಗೋಡೆಗೆ.

ಮರುದಿನ ಬಾನಿಯ ಕತೆಯನ್ನು ಅವಳು ಹೇಳಿದಂತೆಯೇ ಬರೆದ. ಅವಳು ಶಿಲುಬೆಯ ಗುರುತು ಹಾಕಿದಳು. ಗುರುವಾರ ತೀರಿಕೊಂಡಳು.

ಮಣ್ಣು ಮಾಡುವ ದಿನ ಅವನು ಅದನ್ನೇ ಸಭೆಯ ಮುಂದೆ ಓದಿದ. ಮಥೇಸ್ ಹಸಿರಿನಿಂದ ನೀಲಿಯಾಗುವಾಗ ವಿಧವೆಯರ ಬೆಂಚಿನಲ್ಲಿ ಒಬ್ಬಳು ಕಿಸಕ್ಕೆಂದಳು, ಮೇಲ್ವಿಚಾರಕಿ. ಆಮೇಲೆ ಇಡೀ ಬೆಂಚು. ಹಿರಿಯರು ಸೂರು ನೋಡಿದರು. ಲೇಖನಿ ಉಳಿಯಿತು.

ನೆಮ್ಮದಿ ಉಳಿಯಲಿಲ್ಲ. ಎಂದೋ ಬರೆದುಕೊಟ್ಟಿದ್ದ ಬದುಕನ್ನು ತಿದ್ದಬೇಕೆಂದು ಜನ ಬಾಗಿಲಿಗೆ ಬರತೊಡಗಿದರು. ತಿಂಗಳೊಳಗೆ, ತಿದ್ದಿದ ಕತೆಗಳಲ್ಲಿ, ಒಬ್ಬ ಸುಣ್ಣದ ಗುಂಡಿಗೆ, ಒಬ್ಬಳು ಬಾತುಕೋಳಿ ಕೊಳಕ್ಕೆ, ಇಬ್ಬರು ಬಾವಿಕಟ್ಟೆಯಿಂದ ಬಿದ್ದಿದ್ದರು. ಎಲ್ಲರೂ ನಕ್ಕಿದ್ದರು, ಎಲ್ಲರೂ ಹನ್ನೆರಡನೆಯ ವರ್ಷದಲ್ಲೇ. ಅದು ಯಾಕೆ ಎಂದರೆ, ಹೊಸ ಪದ್ಧತಿ ಅದೇ ಅಲ್ಲವೇ ಎಂದು ಅವನನ್ನೇ ಕೇಳಿದರು.

ಕೊನೆಗೆ ಬ್ರೆಡ್ ಸುಡುವ ಮುದುಕ ಕಾಸ್ಪರ್ ಬಂದು, ಕತೆಯಲ್ಲಿ ತನ್ನನ್ನು ಹಿಟ್ಟು ನಾದುವ ತೊಟ್ಟಿಗೆ ಬೀಳಿಸಬೇಕೆಂದ.

“ಬಿದ್ದಿದ್ರಾ?” ಎಂದು ಗಾಟ್ಲೋಬ್ ಹಲ್ಲು ಕಚ್ಚಿ ಕೇಳಿದ.

“ಇಲ್ಲ,” ಎಂದ ಕಾಸ್ಪರ್. ಟೋಪಿಯನ್ನು ಕೈಯಲ್ಲಿ ತಿರುಗಿಸಿದ. “ಬೀಳೋ ಹಾಗೆ ಒಂದ್ಸಲಾನೂ ಆಗ್ಲಿಲ್ಲ, ಇಷ್ಟು ವರ್ಷದಲ್ಲಿ.”

ಬೈಯಲೆಂದು ತೆರೆದ ಬಾಯನ್ನು ಗಾಟ್ಲೋಬ್ ಮುಚ್ಚಿದ. ನಿಟ್ಟುಸಿರು ಬಿಟ್ಟು ಲೇಖನಿ ಅದ್ದಿದ.

“ಅದನ್ನೇ ಇನ್ನೊಂದ್ಸಲ ಹೇಳಿ ಕಾಸ್ಪರಣ್ಣ. ನಿಧಾನಕ್ಕೆ.”